ನಾಲ್ಕನೆಯ ಭಾಗವನ್ನು ಗಟ್ಟಿಯಾಗಿ ಓದಿದ್ದು

ಆ ಕಾದಂಬರಿಯ ನಾಲ್ಕನೆಯ ಭಾಗ ಬರೆದ ಪುಣ್ಯಾತ್ಮನ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಮೊಮ್ಮಕ್ಕಳು ನಗುತ್ತಾರೆ. ಒಂದು ಪುಸ್ತಕ ಕೆಟ್ಟಿತೆಂದು ಯಾರಾದರೂ ಇಷ್ಟು ವರ್ಷ ಉರಿದುಕೊಳ್ಳುತ್ತಾರೆಯೇ ಎಂದು ಕೇಳುತ್ತಾರೆ. ನಗಲಿ. ಅವರನ್ನು ಯಾವ ಪುಸ್ತಕವೂ ಶಾಲೆ ಬಿಡಿಸಿಲ್ಲ.

ಮೂವತ್ತರ ದಶಕದ ಮಾತು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಹತ್ತಿ ವ್ಯಾಪಾರ. ಆ ಕಾದಂಬರಿ ಧಾರವಾಡದಲ್ಲಿ ಅಚ್ಚಾಗಿ ಭಾಗ ಭಾಗವಾಗಿ ಬರುತ್ತಿತ್ತು. ಮಾಯಾಕೋಟೆಯಲ್ಲಿ ಸೆರೆಯಾದ ತಮ್ಮನನ್ನು ಬಿಡಿಸಲು ಹೊರಟ ರಾಜಕುಮಾರಿಯ ಕಥೆ. ಕೋಟೆಗೆ ಏಳು ಬಾಗಿಲು, ಒಂದೊಂದರ ಮೇಲೂ ಒಂದೊಂದು ಅರಿಯದ ಲಿಪಿ. ಕತ್ತಿಗೂ ಆನೆಗೂ ಜಗ್ಗದ ಬಾಗಿಲು, ಬರೆದದ್ದನ್ನು ಓದಿದರೆ ತಾನೇ ತೆರೆಯುತ್ತಿತ್ತು. ಅವಳು ಮಾತಾಡುವ ಕಾಗೆಯಿಂದ ಒಂದು ಲಿಪಿ ಕಲಿತಳು, ಕಲ್ಲಾಗಿ ನಿಂತ ಮುದುಕಿಯಿಂದ ಇನ್ನೊಂದು. ಮೂರು ಭಾಗ ಮುಗಿಯುವಷ್ಟರಲ್ಲಿ ಆರು ಬಾಗಿಲು ತೆರೆದಿದ್ದವು.

ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಓದು. ಓಣಿಯ ಹೆಂಗಸರು ಜೋಳ ಹಸನು ಮಾಡುತ್ತ ಕೇಳುವರು; ಓದುವವಳು ನಾನು. ಓದಿಸುವವಳು ನನ್ನ ಆಯಿ, ಅಂದರೆ ಅಪ್ಪನ ತಾಯಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕಥೆಯೂ ಪುರಾಣವೂ ಅವಳಿಗೆ ಒಂದೇ. ಪುಸ್ತಕಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಆಮೇಲೆ ನನ್ನ ಕೈಗೆ ಕೊಡುವಳು. ಅವಳದೊಂದು ಕಟ್ಟಳೆ: ಎಲ್ಲರೂ ಕೇಳುವ ಮೊದಲು ನಾನೊಬ್ಬಳೇ ಕದ್ದು ಓದಬಾರದು.

"ದೇವರಿಗೆ ಎಡಿ ಹಿಡಿಯೂಕಿಂತ ಮೊದಲ ಯಾರರೆ ರುಚಿ ನೋಡ್ತಾರೇನ? ಓದಿ ಎಂಜಲಾ ಮಾಡಬ್ಯಾಡ," ಅನ್ನುವಳು. ನಾನೂ ಹೆದರಿ ಮುಟ್ಟುತ್ತಿರಲಿಲ್ಲ.

ಆರನೆಯ ಇಯತ್ತೆ ಮುಗಿದಾಗ ನನ್ನನ್ನು ಶಾಲೆ ಬಿಡಿಸಬೇಕೆಂದು ಅಪ್ಪ ಹೇಳಿದ. ಆಯಿ ಅಡ್ಡ ಬಂದಳು. "ಇರಲಿ ಬಿಡೋ. ಓದಿದಾಕಿ ಬಾಗಲಾ ತಗೀತಾಳ. ಏಳನೇದೂ ಮುಗಸಲಿ," ಅಂದಳು. ಆಯಿ ಅಂದ ಮೇಲೆ ಮುಗಿಯಿತು. ಪಕ್ಕದ ಮನೆಯ ತಾಮ್ರದ ಪಾತ್ರೆ ಅಂಗಡಿಯವರ ಮಗಳು ನನ್ನ ಗೆಳತಿ. ನಾನು ಹೋಗುತ್ತೇನೆಂದು ಅವಳಪ್ಪ ಅವಳನ್ನೂ ಕಳಿಸಿದ. ಲೆಕ್ಕದಲ್ಲಿ ಅವಳು ನನಗಿಂತ ಎಷ್ಟೋ ಚುರುಕು.

ನಾಲ್ಕನೆಯ ಭಾಗಕ್ಕೆ ವರ್ಷ ಕಾದೆವು. ದುರ್ಗದಬೈಲಿನ ಪುಸ್ತಕದಂಗಡಿಗೆ ಇಬ್ಬರೂ ದಿನಾ ಹೋಗಿ, "ಬಂತೇನ್ರಿ ಕಾಕಾ?" ಎಂದು ಪೀಡಿಸುತ್ತಿದ್ದೆವು. ಕೊನೆಗೆ ಬಂತು. ಕೈಯಲ್ಲಿ ಹಿಡಿದು ಮೂಸಿ ನೋಡಿದೆವು, ಒಂದು ಹಾಳೆಯನ್ನೂ ತೆರೆಯಲಿಲ್ಲ.

ರವಿವಾರ ಪಡಸಾಲೆ ತುಂಬಿತ್ತು. ಓದತೊಡಗಿದೆ. ಏಳನೆಯ ಬಾಗಿಲ ಮುಂದೆ ಎಲ್ಲಿಂದಲೋ ಒಬ್ಬ ರಾಜಕುಮಾರ ಕುದುರೆ ಏರಿ ಬಂದ. ಹಿಂದಿನ ಮೂರು ಭಾಗಗಳಲ್ಲಿ ಅವನ ಸುಳಿವೇ ಇಲ್ಲ. ತನ್ನ ಹೆಸರು ಓದಲೂ ಬಾರದ ಆಸಾಮಿ. ಬಾಗಿಲಿಗೆ ಒಂದು ಒದೆ ಕೊಟ್ಟ, ಅದು ತೆರೆಯಿತು! ಎಲಾ ಇವನ! ಆನೆಗೆ ಜಗ್ಗದ ಬಾಗಿಲು ಇವನ ಕಾಲಿಗೆ ಜಗ್ಗಿತೇ? ರಾಜಕುಮಾರಿ ನಾಚಿ ಅವನ ಪಾದಕ್ಕೆ ಬಿದ್ದು, ಕಲಿತ ಲಿಪಿಗಳ ಓಲೆಗಳನ್ನೆಲ್ಲ ಬೆಂಕಿಗೆ ಹಾಕಿದಳು. ಹೆಣ್ಣಿಗೆ ವಿದ್ಯೆಯೇ ಮಾಯೆಯೆಂದೂ ಒಲೆಯ ಮುಂದೆಯೇ ಅವಳ ಸಿಂಹಾಸನವೆಂದೂ ಎರಡು ಪುಟ ಉಪದೇಶ ಮಾಡಿದಳು. ಸಮಾಪ್ತ. ಸೆರೆಯಲ್ಲಿದ್ದ ತಮ್ಮನ ಸುದ್ದಿಯೇ ಇಲ್ಲ.

ಆ ಎರಡು ಪುಟವನ್ನು ನಾನು ಬೇಕೆಂದೇ ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದೆ. ಎಲ್ಲರೂ ನನ್ನಂತೆಯೇ ಸಿಟ್ಟಿಗೇಳುತ್ತಾರೆ, "ಇವನ ಕೈ ಸೇದಿಹೋಗಲಿ" ಎಂದು ಬರೆದವನನ್ನು ಶಪಿಸುತ್ತಾರೆ ಎಂದುಕೊಂಡಿದ್ದೆ. ಆಯಿ ಪುಸ್ತಕ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಖರೇ ಮಾತ ನೋಡ್ರಿ. ಅಷ್ಟ ಕಲತಾಕೀನ ಹಿಂಗ ಅಂದ್ಲಂದ್ರ, ನಮ್ಮದೇನ?"

ಹೆಂಗಸರೆಲ್ಲ ತಲೆದೂಗಿದರು. ಸೋಮವಾರ ಆಯಿ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಅತ್ತು ಕರೆದೆ, ಊಟ ಬಿಟ್ಟೆ, "ಅದು ಸುಳ್ಳ ಕಥಿ ಐತಿ ಆಯಿ" ಎಂದು ಕಾಲು ಹಿಡಿದೆ. "ಆರು ಬಾಗಲಾ ತಗದಾಗ ಸುಳ್ಳ ಇರಲಿಲ್ಲೇನ?" ಅಂದಳು. ಮರುವಾರ ಗೆಳತಿಯನ್ನೂ ಬಿಡಿಸಿದರು.

ತಿಂಗಳಾದ ಮೇಲೆ ಇನ್ನೊಂದು ಸಂಕಟ. ಪುರಾಣ ಮುಗಿದರೆ ಹೇಳಿದವರಿಗೆ ಕಾಣಿಕೆ ಕೊಡಬೇಕು. ಬರೆದವರು ಧಾರವಾಡದಲ್ಲೇ ಮಾಸ್ತರರು, ಅವರಿಗೇ ಕೊಟ್ಟು ಬರೋಣ ಎಂದು ಆಯಿ ಹೊರಟಳು. ಧೋತರ, ತೆಂಗಿನಕಾಯಿ, ಬೆಲ್ಲ. ಹೊರುವವಳು ನಾನು. ನನ್ನ ಶಾಲೆ ನುಂಗಿದವನಿಗೆ ನನ್ನ ಕೈಯಿಂದಲೇ ಬೆಲ್ಲ! ರೈಲಿನಲ್ಲಿ ಆಯಿಗೆ ಬೆನ್ನು ಹಾಕಿ ಕುಳಿತೆ.

ಮಾಸ್ತರರು ಹಿಗ್ಗಿ ಚಾಪೆ ಹಾಸಿದರು. ಆಯಿ ಧೋತರ ಕೊಟ್ಟು ನಮಸ್ಕಾರ ಮಾಡಿದಳು. ನನಗೆ ತಡೆಯಲಾಗಲಿಲ್ಲ. "ತಮ್ಮ ಏನಾದ್ರಿ?" ಎಂದು ಕೇಳಿದೆ.

"ಯಾವ ತಮ್ಮ?" ಅಂದರು ಮಾಸ್ತರರು.

ಮೂರು ಭಾಗ ಓದಿ ನಾವು ಅವನಿಗಾಗಿ ಅತ್ತಿದ್ದೆವು. ಬರೆದವನಿಗೆ ಅವನ ನೆನಪೇ ಇಲ್ಲ! ಅಷ್ಟರಲ್ಲಿ ಪುಸ್ತಕಗಳನ್ನು ಎದೆಗವಚಿಕೊಂಡು ಒಬ್ಬ ಹುಡುಗಿ ಒಳಗೆ ಬಂದಳು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು.

"ನನ್ನ ಮಗಳರೀ," ಅಂದರು ಮಾಸ್ತರರು. "ಈ ವರ್ಷ ಮ್ಯಾಟ್ರಿಕ್. ಮುಂದ ಕಾಲೇಜಿಗೂ ಕಳಸಬೇಕಂತ ಮಾಡೇನಿ."

ಆಯಿ ಆ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಮತ್ತ ಆ ಪುಸ್ತಕದಾಗ ಬರದದ್ದು?"

"ಅಯ್ಯ, ಅದು ಬರೇ ಕಥಿ ಅದರೀ ಅಮ್ಮಾ. ಮೂರನೇ ಭಾಗ ಓದಿ ದೊಡ್ಡ ದೊಡ್ಡ ಮಂದಿ ಬೈದು ಕಾಗದ ಬರದಿದ್ರು. ಅವರ ಸಮಾಧಾನಕ್ಕ ಹಂಗ ಮುಗಸಿದೆ. ಕಥೀನ ಖರೇ ಅಂತ ಯಾರು ತಿಳಕೋತಾರ?"

"ನಾ ತಿಳಕೊಂಡೇನ್ರಿ!" ಆಯಿ ಎದ್ದು ನಿಂತಳು. "ನಿಮ್ಮ ಪುಸ್ತಕಕ್ಕ ವಿಭೂತಿ ಹಚ್ಚೇನಿ, ವಿಭೂತಿ! ನಿಮ್ಮ ಮಗಳಿಗೆ ಸಾಲಿ, ನನ್ನ ಮೊಮ್ಮಗಳಿಗೆ ಒಲಿ ಏನ್ರಿ? ಹೇಳೂದು ಪುರಾಣ, ತಿನ್ನೂದು ಬದನಿಕಾಯಿ!"

ಅವರ ತೊಡೆಯ ಮೇಲಿದ್ದ ಧೋತರವನ್ನು ಎಳೆದುಕೊಂಡು ಹೊರಗೆ ಬಂದಳು. ಬೀದಿಯುದ್ದಕ್ಕೂ ಬೈಯುತ್ತ ನಡೆದಳು. "ನಾಳಿಂದ ಸಾಲಿಗೆ ನಡಿ. ಯಾರು ಬ್ಯಾಡಂತಾರ ನೋಡ್ತೇನಿ," ಅಂದಳು. ನಾನು ಕುಣಿಯುವುದೊಂದು ಬಾಕಿ.

ಊರು ಮುಟ್ಟಿದವಳೇ ಗೆಳತಿಯ ಮನೆಗೆ ಓಡಿದೆ. ಹಿಂದೆಯೇ ಆಯಿಯೂ ಬಂದಳು. ಗೆಳತಿಯ ಅಪ್ಪ ಜಗುಲಿಯ ಮೇಲಿದ್ದರು. ಆ ಪುಸ್ತಕ ಸುಳ್ಳು, ಮಗಳನ್ನು ಶಾಲೆಗೆ ಕಳಿಸ್ರಿ ಎಂದು ಆಯಿ ಹೇಳಿದಳು.

"ಖರೇ ಅಂದವರೂ ನೀವ ಅಲ್ಲೇನ್ರಿ ಅಮ್ಮಾ," ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೊನ್ನೆ ಗದಗಿನವರಿಗೆ ಮಾತ ಕೊಟ್ಟೇವಿ. ಬರೂ ತಿಂಗಳ ಲಗ್ನ. ಈಗ ಹೆಂಗ ತಿರಗಿಸೂದು?"

ಆಯಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಾನು ಒಳಗೆ ಹೋದೆ. ಗೆಳತಿ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರ ಮಗಳ ಕಥೆಯನ್ನೂ ಅವರು ತಮ್ಮನನ್ನು ಮರೆತದ್ದನ್ನೂ ನಾನು ಉರಿದುರಿದು ಹೇಳಿದೆ, ಬಾಯಿಗೆ ಬಂದಂತೆ ಅವರನ್ನು ಬೈದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಅವರನ್ನ ಯಾಕ ಬೈತಿ?" ಅಂದಳು. "ಅವತ್ತ ಪುಸ್ತಕ ಇದ್ದದ್ದು ನಿನ್ನ ಕೈಯಾಗ. ಅಲ್ಲಿ ಕುಂತ ಹೆಂಗಸರಿಗೆ ಒಬ್ಬರಿಗೂ ಓದಾಕ ಬರತಿರಲಿಲ್ಲ. ಏಳನೇ ಬಾಗಲಾ ರಾಜಕುಮಾರೀನ ತಗದ್ಲು ಅಂತ ಓದಿದ್ರ ಯಾರಿಗೆ ತಿಳೀತಿತ್ತು?"