ಬಾಗಿಲಾಚೆಯ ಏಳು ಕಾಳು

ನಾನು ಚಿಕ್ಕವಳಿದ್ದಾಗ ನನಗೆ ರಾತ್ರಿಯ ಭಯವಿರಲಿಲ್ಲ, ಮಧ್ಯಾಹ್ನದ ಭಯವಿತ್ತು. ನಗಬೇಡಿ ಮಕ್ಕಳೇ. ಆಗಿನ ಕಲ್ಕತ್ತೆಯ ಬೇಸಿಗೆ ಮಧ್ಯಾಹ್ನವನ್ನು ನೀವು ನೋಡಿಲ್ಲ. ಊಟ ಮುಗಿದ ಕೂಡಲೇ ಬಾಲಿಗಂಜಿನ ನಮ್ಮ ಬೀದಿಯ ಮನೆಗಳೆಲ್ಲ ಹಸಿರು ಬಣ್ಣದ ಕಿಟಕಿಗಳನ್ನು ಎಳೆದುಕೊಂಡು ಮಲಗಿಬಿಡುತ್ತಿದ್ದವು. ಕಾಗೆಗಳೂ ಬಾಯಿ ಮುಚ್ಚುತ್ತಿದ್ದವು. ದೂರದಲ್ಲೆಲ್ಲೋ ಟ್ರಾಮಿನ ಗಂಟೆ ಒಮ್ಮೆ ಕೇಳಿದರೆ ಆಮೇಲೆ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಎಚ್ಚರವಾಗಿರುತ್ತಿದ್ದವಳು ನಾನೊಬ್ಬಳೇ. ಹಾಗಂತ ನಾನು ತಿಳಿದುಕೊಂಡಿದ್ದೆ.

ಅಪ್ಪ ಮೈಸೂರಿನಿಂದ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದರು. ಅದೊಂದು ಹಳೇ ಕಾಲದ ಮನೆ. ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಮೇಲಿನ ಮಹಡಿಯಲ್ಲಿ ನಮಗೆ ಎರಡು ಕೋಣೆ ಸಿಕ್ಕಿದ್ದವು. ನಾನು ಮಲಗುತ್ತಿದ್ದ ಕೋಣೆಗೂ ಪಕ್ಕದ ಬಾಡಿಗೆ ಕೋಣೆಗೂ ನಡುವೆ ಒಂದು ಬಾಗಿಲಿತ್ತು. ಅದನ್ನು ಮುಚ್ಚಿ, ನಮ್ಮ ಕಡೆಯಿಂದ ಎರಡು ಹಲಗೆ ಅಡ್ಡ ಇಟ್ಟು ಮೊಳೆ ಹೊಡೆದಿದ್ದರು. ಆಚೆ ಕೋಣೆಯಲ್ಲಿ ಹಿಂದೆ ಒಬ್ಬ ಮುದುಕ ಸತ್ತಿದ್ದ ಎಂದು ಅಕ್ಕ ಹೇಳಿದ್ದಳು. ಅವಳಿಗೆ ಹದಿಮೂರು, ನನಗೆ ಎಂಟು. ನನ್ನನ್ನು ಹೆದರಿಸುವುದೆಂದರೆ ಅವಳಿಗೆ ಹಬ್ಬ. ಈಗ ಅಲ್ಲಿ ಯಾರೋ ಒಬ್ಬ ಗಂಡಸು ಬಾಡಿಗೆಗೆ ಬಂದಿದ್ದರು. ಬೆಳಕು ಹರಿಯುವ ಮೊದಲೇ ಹಿಂದಿನ ಓಣಿಗೆ ಇಳಿಯುವ ಮೆಟ್ಟಿಲ ಕಡೆಯ ಬಾಗಿಲಿಗೆ ಬೀಗ ಹಾಕಿ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಹಗಲೆಲ್ಲ ಆ ಬೀಗ ನೇತಾಡುವುದನ್ನು ನಾನೇ ತಾರಸಿಯಿಂದ ಬಗ್ಗಿ ನೋಡಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಆ ಬೀಗ ಹಾಕಿದ ಕೋಣೆಯಿಂದ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಸಣ್ಣ ಸದ್ದು, ಆದರೆ ಒಂದೇ ಸಮ. ನಾನು ಹೊದಿಕೆಯೇ ಬೇಡದ ಸೆಕೆಯಲ್ಲೂ ತಲೆದಿಂಬನ್ನು ಮುಖದ ಮೇಲೆ ಎಳೆದುಕೊಂಡೆ. ಸಂಜೆ ಅಕ್ಕನಿಗೆ ಹೇಳಿದರೆ, "ಆ ಮುದುಕಾನೇ ಕಣೇ, ಕೋಲೂರ್ಕೊಂಡು ಓಡಾಡ್ತಿರ್ತಾನೆ. ನೀನು ಎದ್ದಿದ್ದೀಯ ಅಂತ ಗೊತ್ತಾದ್ರೆ ಬಾಗಿಲು ತಟ್ತಾನೆ ನೋಡು" ಅಂದಳು. ಮರುದಿನವೂ ಅದೇ ಹೊತ್ತಿಗೆ ಅದೇ ಸದ್ದು. ಮೂರನೆಯ ದಿನ, ಭಯದಲ್ಲಿ ಮಾಡಲು ಬೇರೇನೂ ತೋಚದೆ, ನಾನು ಎಣಿಸತೊಡಗಿದೆ. ಏಳು ಸಲ ಟಕ್ ಅನ್ನುತ್ತಿತ್ತು. ನಂತರ ಒಂದು ಉಸಿರಿನಷ್ಟು ಬಿಡುವು. ಮತ್ತೆ ಏಳು. ಮತ್ತೆ ಬಿಡುವು. ಎಷ್ಟು ಹೊತ್ತು ಕೇಳಿದರೂ ಆರಕ್ಕೆ ನಿಲ್ಲಲಿಲ್ಲ, ಎಂಟಕ್ಕೆ ಹೋಗಲಿಲ್ಲ.

ಆ ಸದ್ದು ನನಗೆ ಗೊತ್ತಿತ್ತು!

ಹಿಂದಿನ ವರ್ಷ ಮೈಸೂರಿನಿಂದ ಬಂದಿದ್ದ ನಮ್ಮಜ್ಜಿ ನನಗೊಂದು ಅಳಗುಳಿ ಮಣೆ ತಂದುಕೊಟ್ಟಿದ್ದರು. ನೀವು ನೋಡಿದ್ದೀರಲ್ಲ, ಸಾಲಿಗೆ ಏಳರಂತೆ ಎರಡು ಸಾಲು ಗುಳಿಗಳ ಮರದ ಮಣೆ. ಹುಣಸೆ ಬೀಜ ಹಾಕಿ ಇಬ್ಬರು ಆಡುವ ಆಟ. ಜೊತೆಗೆ ಯಾರೂ ಇಲ್ಲದಿದ್ದರೆ ಆಡಲು ಬೇರೊಂದು ಆಟವಿದೆ ಎಂದು ಅಜ್ಜಿ ಹೇಳಿಕೊಟ್ಟಿದ್ದರು. ಅದರ ಹೆಸರು ಸೀತೆ ಆಟ. ಒಂದೇ ಸಾಲಿನಲ್ಲಿ ಏಳು, ಆರು, ಐದು ಎಂದು ಇಳಿಸುತ್ತಾ ಕೊನೆಯ ಗುಳಿಗೆ ಒಂದು ಕಾಳು ಹಾಕಬೇಕು. ಏಳಿರುವ ಗುಳಿಯನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ, ಸಾಲು ಮುಗಿದರೆ ಮೊದಲಿನಿಂದ ಸುತ್ತಿ ಬಂದು, ಕೊನೆಯ ಕಾಳನ್ನು ಬಾಚಿದ ಗುಳಿಗೇ ಹಾಕಬೇಕು. ಹಾಕಿ ನೋಡಿದರೆ ಪಕ್ಕದ ಗುಳಿಯಲ್ಲಿ ಮತ್ತೆ ಏಳು! ಅದನ್ನು ಬಾಚಿದರೆ ಅದರ ಪಕ್ಕದಲ್ಲಿ ಏಳು. ಈ ಆಟಕ್ಕೆ ಸೋಲಿಲ್ಲ, ಗೆಲುವಿಲ್ಲ, ಮುಗಿಯುವುದೂ ಇಲ್ಲ. ಅಶೋಕವನದಲ್ಲಿ ಸೀತಮ್ಮ ರಾಮನ ದಾರಿ ಕಾಯುತ್ತಾ ಆಡಿದ ಆಟ ಅದು ಎನ್ನುತ್ತಿದ್ದರು ಅಜ್ಜಿ. "ಹಿಡಿದ ಕಾಳು ಪೂರ್ತಿ ಹಾಕದೆ ಕೈ ತೆಗೀಬಾರ್ದು ಪುಟ್ಟಿ. ಅರ್ಧಕ್ಕೆ ಬಿಟ್ರೆ ಕರ್ಕೊಂಡ್ಹೋಗಕ್ಕೆ ಯಾರೂ ಬರಲ್ಲವಂತೆ" ಎಂದು ಹೆದರಿಸಿಯೂ ಇದ್ದರು.

ಈಗ ನನ್ನ ತಲೆ ಕೆಟ್ಟುಹೋಯಿತು. ಸತ್ತ ಮುದುಕ ಅಪ್ಪಟ ಬಂಗಾಳಿ. ಬಂಗಾಳಿ ದೆವ್ವಕ್ಕೆ ನಮ್ಮಜ್ಜಿಯ ಆಟ ಹೇಗೆ ಬಂತು? ಯಾರನ್ನಾದರೂ ಕೇಳೋಣವೆಂದರೆ ಅಕ್ಕ ಆಡಿಕೊಂಡು ನಗುತ್ತಾಳೆ, ಅಮ್ಮ ಮಲಗದೆ ಎದ್ದಿದ್ದಕ್ಕೆ ಬೈಯುತ್ತಾರೆ. ನಾಲ್ಕನೆಯ ದಿನ ನಾನು ನನ್ನ ಮಣೆಯನ್ನು ಆ ಬಾಗಿಲ ಬುಡಕ್ಕೆ ತಂದಿಟ್ಟುಕೊಂಡೆ. ಆಚೆ ಏಳು ಬಿದ್ದು ಬಿಡುವಾದಾಗ, ಈಚೆ ನಾನು ಏಳು ಹಾಕಿದೆ. ಆಚೆಯ ಸದ್ದು ಗಕ್ಕನೆ ನಿಂತಿತು. ಬಹಳ ಹೊತ್ತಿನ ಮೇಲೆ, ಮೆಲ್ಲಗೆ, ಆಚೆ ಮತ್ತೆ ಏಳು ಬಿದ್ದವು. ಅಂದಿನಿಂದ ದಿನಾ ನಾವಿಬ್ಬರೂ ಹಾಗೆಯೇ ಆಡಿದೆವು. ಒಮ್ಮೊಮ್ಮೆ ಬಾಗಿಲ ಸಂದಿನಿಂದ ಗುನುಗಿದಂಥ ದನಿಯೂ ಬರುತ್ತಿತ್ತು. "ಒಣ್ಣು, ರೆಂಡು, ಮೂಣು, ನಾಲು..." ನಮ್ಮ ಎಣಿಕೆಯೇ ಯಾಕೋ ಸ್ವಲ್ಪ ಬಾಗಿದ ಹಾಗೆ ಇತ್ತು. ದೆವ್ವದ ಬಾಯಲ್ಲಿ ಕನ್ನಡ ಹೀಗಾಗುತ್ತದೇನೋ ಅಂದುಕೊಂಡೆ. ಭಯ ಹೋಗಿರಲಿಲ್ಲ, ಆದರೆ ಮಧ್ಯಾಹ್ನ ಆಗುವುದನ್ನೇ ಕಾಯತೊಡಗಿದ್ದೆ.

ಹತ್ತನೆಯ ದಿನ ವಿಪರೀತ ಸೆಕೆ. ನೆಲದ ಮೇಲೆ ಅಂಗೈ ಇಟ್ಟರೆ ಬಿಸಿ ತಾಗುತ್ತಿತ್ತು. ಆಚೆಯ ಕಾಳುಗಳು ಅಂದು ನಿಧಾನವಾಗಿ ಬೀಳುತ್ತಿದ್ದವು. ಒಂದು. ಎರಡು. ಮೂರು. ನಾಲ್ಕು ಬೀಳುವಷ್ಟರಲ್ಲಿ ನನಗೆ ತೂಕಡಿಕೆ ಬಂದಿತ್ತು. ಐದು. ಆಮೇಲೆ ಏನೋ ಧೊಪ್ಪೆಂದಿತು.

ನಾನು ಆರನೆಯದಕ್ಕೆ ಕಾದೆ. ಬರಲಿಲ್ಲ. ಅಜ್ಜಿಯ ಮಾತು ನೆನಪಾಯಿತು. ಬಾಗಿಲ ಸಂದಿಗೆ ಬಾಯಿಟ್ಟು, ಜ್ಞಾಪಿಸುವವಳ ಹಾಗೆ, "ಆರು?" ಅಂದೆ. ಮೊದಲು ಏನೂ ಇಲ್ಲ. ಆಮೇಲೆ, ನನ್ನ ಮೊಣಕಾಲಿಗೆ ಸರಿಯಾಗಿ, ಬಾಗಿಲ ಬುಡದಲ್ಲಿ ಯಾರೋ ಉಗುರಿನಿಂದ ಕೆರೆದರು.

ನಾನು ಕಿರುಚಿಕೊಂಡು ಹೋಗಿ ಅಮ್ಮನ ಮೇಲೆ ಬಿದ್ದೆ. ಆಟ, ದೆವ್ವ, ಐದು ಕಾಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಕ್ಕ ನಗಲು ಹೋದವಳು ನನ್ನ ಮುಖ ನೋಡಿ ನನ್ನ ಕೈ ಹಿಡಿದುಕೊಂಡಳು. ಗಲಾಟೆಗೆ ಕೆಳಗಿದ್ದ ಮನೆಯೊಡತಿಯೂ ಮೇಲೆ ಬಂದರು; ಅವರನ್ನು ನಾವು ಕಾಕಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. "ಓಖಾನೇ ಕೇವು ನೇಯ್," ಅಲ್ಲಿ ಯಾರೂ ಇಲ್ಲ, ಎಂದು ಕೈ ಆಡಿಸಿದರು. ಬೀಗ ಹಾಕಿದೆ, ಆ ಮಾದ್ರಾಜಿ ಬೆಳಿಗ್ಗೆಯೇ ಹೋದ ಅಂದರು. ಅವರಿಗೆ ನಾವೂ ಮಾದ್ರಾಜಿಗಳೇ. ಅಮ್ಮನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ನಾವು ಮೈಸೂರಿನೋರು" ಎಂದು ತಿದ್ದಿ ತಿದ್ದಿ ಸಾಕಾಗಿತ್ತು.

ಅಷ್ಟರಲ್ಲಿ ಬಾಗಿಲಾಚೆಯಿಂದ ನರಳಿಕೆ ಕೇಳಿಸಿತು. ಕಾಕಿಮಾ ಮೂರು ಹೆಜ್ಜೆ ಹಿಂದೆ ಸರಿದು ದೇವರ ಹೆಸರು ಹೇಳತೊಡಗಿದರು. ಅವರಿಗೆ ಅದು ಬರೀ ನರಳಿಕೆ. ಅಮ್ಮ ಬಾಗಿಲಿಗೆ ಕಿವಿ ಹಚ್ಚಿ ಕೂತರು. "ತಣ್ಣಿ... ತಣ್ಣಿ..." ಅನ್ನುತ್ತಿತ್ತು ದನಿ. ಅಮ್ಮನಿಗೆ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅವರು ತಟ್ಟನೆ ಎದ್ದರು.

"ತಣ್ಣೀರು ಕೇಳ್ತಿದ್ದಾರೆ ಕಣ್ರೇ! ದೆವ್ವಕ್ಕೆ ಬಾಯಾರಿಕೆ ಆಗತ್ತಾ?"

ಅಮ್ಮ ಅಡುಗೆಮನೆಯಿಂದ ರುಬ್ಬುಗುಂಡನ್ನೇ ಎತ್ತಿಕೊಂಡು ಬಂದರು. ಕಾಕಿಮಾ ಅಡ್ಡ ನಿಂತರು. ಬಾಗಿಲು ಅವರದು, ಮನೆ ಅವರದು. ಒಳಗೆ ಯಾರೂ ಇಲ್ಲದೆ ಹೋದರೆ ನಾವು ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಆ ಊರಿನಲ್ಲಿ ಮನೆ ಹುಡುಕಲು ಅಪ್ಪ ಎಷ್ಟು ಅಲೆದಿದ್ದರೆಂದು ನನಗೂ ಗೊತ್ತಿತ್ತು. ಅಮ್ಮ ಒಂದು ಕ್ಷಣ ನನ್ನ ಕಡೆ ನೋಡಿದರು. "ಐದೇನಾ ಬಿದ್ದಿದ್ದು? ಸರಿಯಾಗಿ ಎಣಿಸಿದ್ದೀಯಾ?" ನಾನು ತಲೆಯಾಡಿಸಿದೆ. ಅಮ್ಮ ಗುಂಡೆತ್ತಿ ಹಲಗೆಯನ್ನು ಕೆಳಗಿನಿಂದ ಗುದ್ದಿದರು. ಮೂರನೆಯ ಏಟಿಗೆ ಮೊಳೆ ಸಡಿಲವಾಯಿತು. ಎರಡನೆಯ ಹಲಗೆಯ ಹೊತ್ತಿಗೆ ಕಾಕಿಮಾಗೆ ಏನನ್ನಿಸಿತೋ, ಸೆರಗು ಸಿಕ್ಕಿಸಿ ಅದರ ಇನ್ನೊಂದು ತುದಿ ಹಿಡಿದು ಎಳೆದರು.

ಬಾಗಿಲು ಕಿರುಗುಟ್ಟಿಕೊಂಡು ನಮ್ಮ ಕಡೆಗೆ ತೆರೆಯಿತು. ಒಳಗೆ ಕತ್ತಲೆ, ವಿಭೂತಿಯ ವಾಸನೆ. ಕಿಟಕಿಯ ಪಟ್ಟಿಗಳಿಂದ ಇಳಿದ ಬಿಸಿಲಿನ ಗೆರೆಗಳ ಅಡಿಯಲ್ಲಿ ಒಬ್ಬ ಸಣ್ಣ ಮುದುಕಿ ಬಿದ್ದಿದ್ದರು. ನೀರಿನ ಹೂಜಿ ಕೋಣೆಯ ಆ ತುದಿಯಲ್ಲಿತ್ತು. ಅವರ ತಲೆಯ ಬಳಿ ನನ್ನದರಂಥದೇ ಮಣೆ. ಅಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ನೀರು ಕುಡಿಸಿದರು. ಅವರು ಕಣ್ಣು ಬಿಟ್ಟು, "ಯಾರು?" ಅಂದರು. ನಾವು ಹೇಗೆ ಅನ್ನುತ್ತೇವೋ ಹಾಗೆಯೇ.

"ಪಕ್ಕದ ಮನೆಯೋರಮ್ಮಾ" ಅಂದರು ಅಮ್ಮ.

"ಪಕ್ಕತ್ತು ವೀಡಾ?" ಎಂದು ಅವರು ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ಅತ್ತುಬಿಟ್ಟರು. ಕಲ್ಕತ್ತೆಗೆ ಬಂದ ಮೇಲೆ ಅಮ್ಮ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಬಲಗೈ ಮಾತ್ರ ಬಿಗಿಯಾಗಿ ಮುಷ್ಟಿ ಕಟ್ಟಿತ್ತು. ಅಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಳಗೆ ಎರಡು ಹುಣಸೆ ಬೀಜ. ಅವರು ನನ್ನನ್ನೂ, ನನ್ನ ಹಿಂದೆ ನೆಲದ ಮೇಲಿದ್ದ ನನ್ನ ಮಣೆಯನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣಲ್ಲೇ ತಮ್ಮ ಮಣೆಯನ್ನು ತೋರಿಸಿದರು. ನಾನು ಆ ಬೀಜಗಳನ್ನು ತೆಗೆದುಕೊಂಡೆ. ಅವು ಬೆವರಿಗೆ ಒದ್ದೆಯಾಗಿದ್ದವು. ಒಂದು ಗುಳಿಗೆ ಒಂದು ಹಾಕಿ "ಆರು" ಅಂದೆ. ಅವರೂ "ಆರು" ಅಂದರು. ಮುಂದಿನದಕ್ಕೆ ಇನ್ನೊಂದು ಹಾಕಿ ಇಬ್ಬರೂ ಒಟ್ಟಿಗೆ "ಏಳು" ಅಂದೆವು. ಅಲ್ಲಿಗೆ ಬರುವಷ್ಟರಲ್ಲಿ ಎರಡು ಭಾಷೆಯ ಎಣಿಕೆಯೂ ಒಂದೇ ಆಗಿತ್ತು.

ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಸಂಜೆ ಮುದುಕಿಯ ಮಗ, ಆ ಕೋಣೆಯ ಬಾಡಿಗೆದಾರ, ಓಡೋಡಿ ಬಂದರು. ಕಾಕಿಮಾಗೂ ತಿಳಿಸದೆ ತಾಯಿಯನ್ನು ಊರಿನಿಂದ ಕರೆತಂದ ಮೊದಲ ದಿನವೇ ಆಕೆ ಓಣಿಯಲ್ಲಿ ದಾರಿ ತಪ್ಪಿದ್ದರಂತೆ. ಬಂಗಾಳಿ ಬಾರದೆ ಯಾರನ್ನೂ ಕೇಳಲಾಗದೆ ಕಂಗಾಲಾಗಿ, ಹೊರಗಿನಿಂದ ಬೀಗ ಹಾಕಿಕೊಂಡೇ ಹೋಗು ಎಂದು ಮಗನಿಗೆ ತಾವೇ ಹೇಳಿದ್ದರಂತೆ. ಆ ಮಗ ನಮ್ಮಪ್ಪನ ಹತ್ತಿರ ಇನ್ನೊಂದು ಮಾತನ್ನೂ ಹೇಳಿದರು. ಮೊಳೆ ಹೊಡೆದ ಬಾಗಿಲಾಚೆ ಒಂದು ದೆವ್ವ ತನ್ನ ಜೊತೆ ಕಾಳಾಡುತ್ತದೆ ಎಂದು ತಾಯಿ ವಾರದಿಂದ ಹೇಳುತ್ತಿದ್ದರಂತೆ. ಮಗ ನಂಬಿರಲಿಲ್ಲ. ಆ ದೆವ್ವ ನಾನು!

ಆ ಹಲಗೆಗಳನ್ನು ಮತ್ತೆ ಹೊಡೆಯಲು ಕಾಕಿಮಾ ಬಿಡಲಿಲ್ಲ. ದುರ್ಗಾಪೂಜೆಯ ರಜೆಯವರೆಗೂ ನಾನು ದಿನಾ ಮಧ್ಯಾಹ್ನ ಆ ಬಾಗಿಲು ದಾಟಿ ಹೋಗುತ್ತಿದ್ದೆ. ಅವರನ್ನು ಪಾಟಿ ಎಂದು ಕರೆಯುವುದನ್ನು ಕಲಿತೆ. ತಮಿಳಿನಲ್ಲಿ ಅಜ್ಜಿ ಎಂದರೆ ಹಾಗೆ. ಅವರು ಊರಿಗೆ ಹಿಂದಿರುಗುವಾಗ ನಾವಿಬ್ಬರೂ ಮಣೆ ಬದಲಾಯಿಸಿಕೊಂಡೆವು. ಮಾದ್ರಾಜಿ ಎಂದವರನ್ನು ಅಮ್ಮ ಆಮೇಲೆ ಯಾವತ್ತೂ ತಿದ್ದಲಿಲ್ಲ.

ನಿಮ್ಮ ಕಲ್ಕತ್ತೆ ಬೇರೆ. ಹದಿನಾಲ್ಕನೇ ಮಹಡಿಯ ಈ ಮನೆಯ ಗೋಡೆಗಳಿಂದ ಒಂದು ಕೆಮ್ಮೂ ಆಚೆ ದಾಟುವುದಿಲ್ಲ. ಎ.ಸಿ. ಇದೆ, ಮಧ್ಯಾಹ್ನದ ಸೆಕೆ ನಿಮಗೆ ತಾಗುವುದಿಲ್ಲ. ಪಕ್ಕದ ಮನೆಯವರ ಮಾತು ಯಾವುದು ಎಂದು ಕೇಳಿದರೆ ನಿಮಗೂ ಗೊತ್ತಿಲ್ಲ, ನಿಮ್ಮಮ್ಮನಿಗೂ ಗೊತ್ತಿಲ್ಲ. ಮೊನ್ನೆ ಪಾಟಿಯ ಮಣೆ ತೋರಿಸಿದಾಗ, "ಅಜ್ಜೀ, ಇಟ್ಸ್ ಸೋ ಬೋರಿಂಗ್, ಯಾರೂ ವಿನ್ ಆಗೋದೇ ಇಲ್ಲ" ಅಂದಿರಿ. ನಿಜ, ಯಾರೂ ಗೆಲ್ಲುವುದಿಲ್ಲ. ಯಾರಾದರೂ ಬರುವವರೆಗೆ ಆಡುವ ಆಟ ಅದು.

ನಿಮ್ಮಮ್ಮ ಸೆಕ್ಟರ್ ಫೈವ್‌ನ ಆಫೀಸಿಗೆ, ನೀವು ಸ್ಕೂಲಿಗೆ ಹೋದ ಮೇಲೆ ನಾನೂ ಆ ಮಣೆ ಹಾಕಿಕೊಂಡು ನಮ್ಮ ಬಾಗಿಲ ಬುಡದಲ್ಲೇ ಕೂರುತ್ತೇನೆ. ಗೋಡೆ ಗಟ್ಟಿಯಾದರೂ ಬಾಗಿಲು ಮರದ್ದೇ ತಾನೆ. ನಾಳೆಯಿಂದ ಲಿಫ್ಟ್ ಇಳಿದು ಬಂದವರು ಬೆಲ್ ಒತ್ತುವ ಮೊದಲು ಕಿವಿ ಹಚ್ಚಿ ಎಣಿಸಿ. ಕನ್ನಡದಲ್ಲಾದರೂ ಸರಿ, ಬಂಗಾಳಿಯಲ್ಲಾದರೂ ಸರಿ. ಏಳು ಬಿದ್ದರೆ ಬೆಲ್ ಒತ್ತಿ, ನಾನೇ ಎದ್ದು ಬಾಗಿಲು ತೆಗೆಯುತ್ತೇನೆ. ಐದಕ್ಕೇ ನಿಂತುಹೋದರೆ ಹೆದರಬೇಡಿ. ಕೀ ನಿಮ್ಮ ಬ್ಯಾಗಿನಲ್ಲಿದೆ. ಒಳಗೆ ಬಂದು ನನ್ನ ಮುಷ್ಟಿ ಬಿಡಿಸಿ, ಉಳಿದ ಎರಡು ಕಾಳು ನೀವೇ ಹಾಕಿ.