ಶೇಂಗಾ ಹಾಲಿನ ಬ್ರೆಡ್ ಸಾಸು

ಈರುಳ್ಳಿಗೆ ಲವಂಗ ಚುಚ್ಚಿ ಕಾಯುವ ಹಾಲಿಗೆ ಬಿಟ್ಟರೆ ಒಂದು ವಾಸನೆ ಬರುತ್ತದೆ. ಹಲ್ಲುನೋವಿನ ಎಣ್ಣೆಯದೂ ಅಲ್ಲ, ಪಲಾವಿನದೂ ಅಲ್ಲ, ಎರಡರ ನಡುವಿನದು. ಹೋದ ವಾರ ಚಿತ್ರದುರ್ಗದ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಾಗ ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ.

ಹೊಳಲ್ಕೆರೆಯಿಂದ ಬಂದ ಅಕ್ಕ ಕೆಲವು ತಿಂಗಳಿಂದ ನನ್ನ ಜೊತೆಗಿದ್ದಾಳೆ. ಗಂಟಲಿಗೆ ಚಿಕಿತ್ಸೆ ನಡೆಯುತ್ತಿದೆ. ಗಟ್ಟಿ ಪದಾರ್ಥ ಇಳಿಯುವುದಿಲ್ಲ, ಹಾಲು ಕುಡಿದರೆ ಕಫ ಕಟ್ಟುತ್ತದೆ, ಸದ್ಯಕ್ಕೆ ಬಿಡಿ ಅಂದಿದ್ದಾರೆ ಡಾಕ್ಟರು. ಗಂಜಿ ಕಂಡರೆ ಅವಳು ಮುಖ ತಿರುಗಿಸುತ್ತಾಳೆ. ಕಚೇರಿಯಿಂದ ಬಂದು, ಚಪ್ಪಲಿ ಬಿಟ್ಟು, ಇವತ್ತು ಇನ್ನೇನು ಮಾಡಲಿ ಎಂದು ಯೋಚಿಸುವುದಕ್ಕೂ ಶಕ್ತಿಯಿಲ್ಲದೆ ಕುರ್ಚಿಯಲ್ಲಿ ಕೂತುಬಿಡುವ ದಿನಗಳೇ ಹೆಚ್ಚು. ಹಾಗೆ ಕೂತಿದ್ದಾಗಲೇ ಮಗಳು ಫೋನಿನಲ್ಲಿ ಏನನ್ನೋ ಓದಿ ಹೇಳಿದಳು. ಬ್ರೆಡ್ ಸಾಸಂತೆ, ವೀಗನ್ನಂತೆ, ಅಂದರೆ ಹಸುವಿನ ಹಾಲು ಬೆಣ್ಣೆ ಇಲ್ಲದ್ದಂತೆ, ಓಟ್ಸ್ ಹಾಲು ಬೇಕಂತೆ. ಓಟ್ಸ್ ಮನೆಯಲ್ಲಿರಲಿಲ್ಲ. ಧರ್ಮಪುರದ ಕಡೆಯಿಂದ ಬಂದ ಶೇಂಗಾ ಇತ್ತು. ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಒಲೆಯ ಮೇಲಿಟ್ಟೆ. ಲವಂಗದ ಈರುಳ್ಳಿ ಬಿಟ್ಟೆ. ವಾಸನೆ ಬಂತು... ಇದನ್ನು ಹಿಂದೆ ಕಂಡಿದ್ದೇನೆ ಅನ್ನಿಸಿತು.

ಮದುವೆಯಾದ ಹೊಸತರಲ್ಲಿ ನಾವು ಹಿರಿಯೂರಿನ ಒಂದು ವಠಾರದಲ್ಲಿದ್ದೆವು. ನಮ್ಮ ಅಡುಗೆಮನೆಗೂ ಪಕ್ಕದ ಮನೆಯ ಅಡುಗೆಮನೆಗೂ ಒಂದೇ ಗೋಡೆ. ಆ ಮನೆಯವರು ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ವಠಾರದವರೆಲ್ಲ ಬಂಗ್ಲೆಯವರು ಅನ್ನುತ್ತಿದ್ದರು. ನಾನು ಮಾವ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಮಾವ ಮಾತು ಕಡಿಮೆ, ಉದ್ದನೆಯ ಆಳು, ಮನೆಯಲ್ಲೂ ಹೆಗಲ ಮೇಲೊಂದು ಒರೆಸುವ ಬಟ್ಟೆ. ಅತ್ತೆಗೆ ಬಾಯಿ ತುಂಬ ಮಾತು, ಬಾಯಿ ತುಂಬ ಎಲೆ ಅಡಿಕೆ ಹೊಗೆಸೊಪ್ಪು.

ಅತ್ತೆ ಹಾಲು ಮುಟ್ಟುತ್ತಿರಲಿಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದನ್ನೂ. ಚಹಾ ಕೂಡ ಕರಿ ಚಹಾ. ನಾನು ಹೊಸದಾಗಿ ಹೋದಾಗ ಒಂದು ಲೋಟ ಕಾಫಿ ಕೊಡಲು ಹೋಗಿ ವಿಷಯ ತಿಳಿಯಿತು. ಎಷ್ಟೋ ವರ್ಷದ ಹಿಂದೆ ಮಾವನಿಗೆ ಹೊಟ್ಟೆಯೊಳಗೆ ಹುಣ್ಣು ಒಡೆದು, ಉಳಿಯುವುದಿಲ್ಲ ಅಂದಿದ್ದರಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ ಮನೆದೇವರಿಗೆ ಹರಕೆ ಹೊತ್ತಳಂತೆ: ಇವರು ಬದುಕಿದರೆ, ಇವರು ಇರುವ ತನಕ ಹಾಲಿನದು ಯಾವುದೂ ಬಾಯಿಗಿಡುವುದಿಲ್ಲ ಎಂದು. ಅತ್ತೆಗೆ ಬಲು ಇಷ್ಟವಿದ್ದದ್ದೇ ಹಾಲು ಅನ್ನ. ಮಾವ ಎದ್ದು ಬಂದರು. ಅತ್ತೆ ಮತ್ತೆ ಹಾಲು ಮುಟ್ಟಲಿಲ್ಲ.

ನಾವಲ್ಲಿಗೆ ಹೋದ ಎರಡನೆಯ ಬೇಸಿಗೆಯಲ್ಲಿ ಅತ್ತೆಯ ಬಾಯಲ್ಲಿ ಹುಣ್ಣಾಯಿತು. ಹೊಗೆಸೊಪ್ಪಿನ ಹುಣ್ಣು, ಮಾಯುತ್ತದೆ ಅಂದುಕೊಂಡರು. ಮಾಯಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದರು. ಬಂದ ಮೇಲೆ ಇಬ್ಬರೂ ಆ ಕಾಯಿಲೆಯ ಹೆಸರು ಹೇಳಲಿಲ್ಲ, ವಠಾರದಲ್ಲಿ ಯಾರೂ ಕೇಳಲೂ ಇಲ್ಲ. ದವಡೆ ಅಗಲಿಸಲು ಆಗುತ್ತಿರಲಿಲ್ಲ. ಹಾಲು, ಮೊಸರು, ಬೆಣ್ಣೆ ಹಾಕಿದ ಗಂಜಿ ಕೊಡಿ, ಇಲ್ಲದಿದ್ದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಡಾಕ್ಟರು ಮಾವನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ತಲೆಯಾಡಿಸಿಬಿಟ್ಟಳು. ದಿನದಿಂದ ದಿನಕ್ಕೆ ಇಳಿದುಹೋದಳು. ಸೀರೆ ಉಟ್ಟರೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಾವ ನಮ್ಮ ಬಾಗಿಲಿಗೆ ಬಂದು ಒಂದು ಲೋಟ ಹಾಲು ಕೇಳಿದರು. ಕೊಟ್ಟೆ. ಸಂಜೆ ಅದೇ ಲೋಟ ವಾಪಸು ತಂದರು. ಹಾಲು ಹಾಗೇ ಇತ್ತು, ಸೆಕೆಗೆ ಒಡೆದುಹೋಗಿತ್ತು.

"ಗಂಜೀಗೆ ಬೆರೆಸಾಣ ಅಂತಿದ್ದೆ. ಮನಸು ಬರ್ಲಿಲ್ಲ ಕಣವ್ವ," ಅಂದರು.

ಮಾರನೆಯ ದಿನದಿಂದ ಗೋಡೆಯಾಚೆ ರುಬ್ಬುವ ಸದ್ದು ಶುರುವಾಯಿತು. ಬಂಗಲೆಯಲ್ಲಿ ಮಾವನಿಗೆ ಕೈ ಹಿಡಿದು ಕಲಿಸಿದ ಹಳೆಯ ಬಟ್ಲರ್ ಒಬ್ಬರಿದ್ದರಂತೆ. ಅವರಿಂದ ಕಲಿತದ್ದು ಈ ಬ್ರೆಡ್ ಸಾಸು. ಕೆಂಪು ಬಾಟಲಿಯ ಸಾಸಲ್ಲ. ಲವಂಗ ಚುಚ್ಚಿದ ಈರುಳ್ಳಿ, ಪಲಾವಿನ ಎಲೆ, ಮೆಣಸುಕಾಳು ಹಾಕಿ ಹಾಲು ಕಾಯಿಸಿ, ಮುಚ್ಚಿಟ್ಟು, ಸೋಸಿ, ಅದಕ್ಕೆ ಹಿಂದಿನ ದಿನದ ಬ್ರೆಡ್ಡಿನ ಪುಡಿ ಹಾಕಿ ಸಣ್ಣ ಉರಿಯಲ್ಲಿ ತಿರುವಿದರೆ ಬಿಳಿಯ ಅಂಬಲಿಯ ಹಾಗೆ ಆಗುತ್ತದೆ. ಕೊನೆಗೆ ಬೆಣ್ಣೆ, ಚೂರು ಜಾಯಿಕಾಯಿ. ಸಾಹೇಬರುಗಳು ಹುರಿದ ಕೋಳಿಯ ಜೊತೆ ತಿನ್ನುತ್ತಿದ್ದರಂತೆ. ಮಾವ ತಾವು ಮಾಂಸ ಮುಟ್ಟದವರು, ಆದರೆ ಅದನ್ನು ಮಾಡುವುದರಲ್ಲಿ ಅವರದು ಎತ್ತಿದ ಕೈ.

ಅದನ್ನೀಗ ಹಾಲಿಲ್ಲದೆ ಮಾಡಬೇಕಿತ್ತು. ಮೊದಲು ತೆಂಗಿನಹಾಲು. ಅದು ಸಿಹಿಯಾಯಿತು, ಉರಿ ಸ್ವಲ್ಪ ಹೆಚ್ಚಾದರೆ ಒಡೆಯಿತು. ಆಮೇಲೆ ಶೇಂಗಾ. ಹಸಿ ವಾಸನೆ ಹೋಗಲಿಲ್ಲ, ತಳ ಹಿಡಿಯಿತು. ಹಿಡಿದದ್ದನ್ನು ವಠಾರದ ನಾಯಿಗೆ ಹಾಕಿ ಮತ್ತೆ ನೆನೆಹಾಕಿದರು. ನೆನೆದ ಶೇಂಗಾದ ಸಿಪ್ಪೆಯನ್ನು ಒಂದೊಂದಾಗಿ ತೆಗೆದರು, ನೀರು ಬದಲಿಸಿದರು, ಎರಡು ಸಲ ಸೋಸಿದರು, ಪಾತ್ರೆಯ ಮುಂದೆ ನಿಂತು ಕೈ ಬಿಡದೆ ತಿರುವಿದರು. ಹುಣ್ಣಿಗೆ ಉರಿಯುತ್ತದೆ ಎಂದು ಮೆಣಸು ಬಿಟ್ಟರು. ಬೆಣ್ಣೆಯ ಬದಲು ಗಾಣದೆಣ್ಣೆ ಒಂದು ಚಮಚ. ಬ್ರೆಡ್ಡು ತರುವಾಗ ಬೇಕರಿಯವನನ್ನು, ಹಿಟ್ಟಿಗೆ ಹಾಲು ಬೆಣ್ಣೆ ಏನಾದರೂ ಹಾಕುತ್ತೀಯಾ ಎಂದು ಪ್ರತಿಸಲ ವಿಚಾರಿಸುತ್ತಿದ್ದರು. ಅವನಿಗೆ ಬೇಸರ ಬಂದು ಒಂದು ದಿನ ಭಟ್ಟಿಯ ಹತ್ತಿರವೇ ಕರೆದುಕೊಂಡು ಹೋಗಿ ತೋರಿಸಿದನಂತೆ.

ಕೊನೆಗೊಂದು ಬೆಳಿಗ್ಗೆ ಅದು ಸರಿಯಾಯಿತು. ನನ್ನನ್ನು ಕರೆದು ಅಂಗೈಗೆ ಒಂದಿಷ್ಟು ಹಾಕಿದರು. ಹಾಲಲ್ಲ ಎಂದು ನಾನು ನಂಬುವ ಹಾಗಿರಲಿಲ್ಲ. ಬಟ್ಟಲಿಗೆ ಹಾಕಿ, ಆರಿಸಿ, ಅತ್ತೆಯ ಹತ್ತಿರ ತೆಗೆದುಕೊಂಡು ಹೋದರು. ಅತ್ತೆ ಒಂದು ಚಮಚ ಬಾಯಿಗಿಟ್ಟು, ನುಂಗದೆ, ಸೆರಗಿಗೆ ಉಗುಳಿಬಿಟ್ಟಳು.

"ಹಾಲ್ ಹಾಕೀರಿ."

"ಇಲ್ಲ ಕಣೇ, ಶೇಂಗಾದ್ದು."

"ನನ್ಗೆ ಹಾಲಿನ್ ರುಚಿ ಮರ್ತ್ ಹೋಗೈತೆ ಅನ್ಕಂಡ್ರಾ? ನನ್ ಹೊಟ್ಟೆ ತುಂಬ್ಸಾಕೆ ಹೋಗಿ ನಿಮ್ ಜೀವಕ್ಕೆ ತಂದ್ಕಂತೀರಿ."

ಮಾವ ಆಣೆ ಇಟ್ಟರು. ನಾನೂ ಹೇಳಿದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಅಷ್ಟು ದಿನ ಪಟ್ಟ ಪಾಡೆಲ್ಲ ಆ ಬಟ್ಟಲಿನಲ್ಲಿತ್ತು. ಅದು ಚೆನ್ನಾಗಿ ಬಂದದ್ದೇ ತಪ್ಪಾಗಿತ್ತು. ಮಾವ ಹೊಸ್ತಿಲ ಮೇಲೆ ಕೂತು, ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಅತ್ತೆಯ ದನಿ ಬಂತು.

"ನನ್ ಕಣ್ ಮುಂದೆ ಮಾಡ್ರಿ. ತಿಂತೀನಿ."

ಅವತ್ತೇ ನನ್ನ ಯಜಮಾನರೂ ಮಾವನೂ ಸೇರಿ ಅತ್ತೆಯ ಮಂಚವನ್ನು ಅಡುಗೆಮನೆಗೆ ಎತ್ತಿ ಇಟ್ಟರು. ಮಂಚ ಹಾಕಿದ ಮೇಲೆ ಅಲ್ಲಿ ಒಬ್ಬರು ನಿಲ್ಲುವಷ್ಟೇ ಜಾಗ. ಅಂದಿನಿಂದ ಸಿಪ್ಪೆ ತೆಗೆಯುವುದು, ರುಬ್ಬುವುದು, ಹಿಂಡುವುದು ಎಲ್ಲ ಅವಳ ಕಣ್ಣೆದುರಿಗೇ. ಮೊದಲು ಅನುಮಾನದಿಂದ ನೋಡುತ್ತಿದ್ದವಳು ಬರಬರುತ್ತ ಸುಮ್ಮನೆ ನೋಡತೊಡಗಿದಳು. ಬಂಗಲೆಯಲ್ಲಿ ಊರವರಿಗೆಲ್ಲ ಬಡಿಸಿದ ಗಂಡ ಅಡುಗೆ ಮಾಡುವುದನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲಂತೆ. ಮನೆಯಲ್ಲಿ ಅಲ್ಲಿಯ ತನಕ ಅಡುಗೆ ಅವಳದೇ ಆಗಿತ್ತು. ಚೆನ್ನಾಗಿ ತಿರುವುತ್ತಾರೆ ನಿಮ್ಮ ಮಾವ ಎಂದು ಒಂದು ದಿನ ತೊದಲುತ್ತ ನನಗೆ ಹೇಳಿದಳು. ದಿನಕ್ಕೆ ಎರಡು ಸಲ, ಅರ್ಧ ಬಟ್ಟಲು. ಅಷ್ಟರಲ್ಲೇ ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಡಾಕ್ಟರು ಹೇಳಿದ್ದಕ್ಕಿಂತ ಬಹಳ ದಿನ ಇದ್ದಳು.

ಹೋದದ್ದು ಒಂದು ಚಳಿಯ ಬೆಳಿಗ್ಗೆ, ಅಡುಗೆಮನೆಯ ಮಂಚದ ಮೇಲೆ.

ಮೂರನೆಯ ದಿನ ನಮ್ಮ ಕಡೆ ಸಮಾಧಿಗೆ ಹಾಲು ತುಪ್ಪ ಬಿಡುತ್ತಾರೆ. ಐಮಂಗಲದ ಕಡೆಯಿಂದ ಬಂದ ನೆಂಟರು ಚೊಂಬಿನಲ್ಲಿ ಹಾಲು ಹಿಡಿದು ಹೊರಟಾಗ ಮಾವ ಬಾಗಿಲಿಗೆ ಅಡ್ಡ ನಿಂತರು. ಹಿರಿಯರೊಬ್ಬರು ಸಮಾಧಾನದಿಂದಲೇ ಹೇಳಿದರು, ಸತ್ತವರಿಗೆ ಎಂಥ ಹರಕೆ, ಅವಳ ಬಾಯಿಗೆ ಈಗಲಾದರೂ ಒಂದು ತೊಟ್ಟು ಹಾಲು ಬೀಳಲಿ ಬಿಡು ಎಂದು.

"ಅವ್ಳು ಹೊತ್ತಿದ್ದು ನಾನಿರಾ ತಂಕ ಅಂತ. ನಾನಿನ್ನೂ ಅದೀನಲ್ಲ," ಅಂದರು ಮಾವ.

ಅವರು ಒಳಗೆ ಹೋಗಿ ಶೇಂಗಾ ರುಬ್ಬಿ, ಹಿಂಡಿ, ಕಾಯಿಸಿ ತರುವ ತನಕ ನೆಂಟರೆಲ್ಲ ಬಿಸಿಲಲ್ಲಿ ನಿಂತಿದ್ದರು. ಸಮಾಧಿಗೆ ಅದನ್ನೇ ಬಿಟ್ಟು ಬಂದರು. ತುಪ್ಪದ ಬದಲು ಎಣ್ಣೆ. ಶಾಸ್ತ್ರ ಕೆಡಿಸಿದ ಎಂದು ಕೆಲವರು ಊಟ ಮಾಡದೆ ಬಸ್ಸು ಹತ್ತಿದರು. ಮಾವನಿಗೆ ಅದು ಕಾಣಿಸಿದಂತೆಯೂ ಇರಲಿಲ್ಲ.

ಮುಂದಿನ ವರ್ಷ ನಮಗೆ ಹೊಸದುರ್ಗಕ್ಕೆ ವರ್ಗವಾಯಿತು. ಒಂದೆರಡು ಸಲ ಹೋಗಿ ನೋಡಿ ಬಂದೆ. ಮಂಚ ಇನ್ನೂ ಅಡುಗೆಮನೆಯಲ್ಲೇ ಇತ್ತು, ಮಾವ ಅದರ ಮೇಲೇ ಮಲಗುತ್ತಿದ್ದರು. ಆಮೇಲೆ ಮಗು, ಕೆಲಸ, ಗಂಡನ ಮನೆ... ಹಿರಿಯೂರಿನ ಮೇಲೆ ಬಸ್ಸು ಹೋಗುತ್ತಿತ್ತು, ನಾನು ಇಳಿಯುತ್ತಿರಲಿಲ್ಲ. ಮಾವ ಹೋದ ಸುದ್ದಿ ಯಾರದೋ ಮದುವೆಯಲ್ಲಿ ಕಿವಿಗೆ ಬಿದ್ದಾಗ ಅವರು ತೀರಿಕೊಂಡು ವರ್ಷವೇ ಆಗಿತ್ತು. ಹಾಲು ತುಪ್ಪ ಮಾಡಿದ್ದು ಯಾರು ಎಂದು ಕೇಳಿದೆ. ಹೇಳಿದವರಿಗೆ ಗೊತ್ತಿರಲಿಲ್ಲ. ಯಾಕೆ ಕೇಳುತ್ತಿದ್ದೇನೆ ಎಂಬಂತೆ ನನ್ನ ಮುಖ ನೋಡಿದರು.

ಹೋದ ವಾರ ನಾನು ಮಾಡಿದ್ದರಲ್ಲಿ ಅಕ್ಕ ಅರ್ಧ ಬಟ್ಟಲು ತಿಂದಳು. ಗಂಜಿಗಿಂತ ಪರವಾಗಿಲ್ಲ ಅಂದಳು. ಎಲ್ಲಿ ಕಲಿತೆ ಎಂದು ಕೇಳಿದಾಗ ಈ ಕತೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು, ನಿದ್ದೆ ಹತ್ತಿತೇನೋ ಅಂದುಕೊಂಡೆ.

"ಹಂಗಾದ್ರೆ ಅವ್ರು ಹೋದ್ ದಿನ ಆಯಮ್ಮನ ಹರಕೆ ತೀರ್ತು," ಅಂದಳು.

ಅದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮಾವ ಹೋದ ಮೂರನೆಯ ದಿನ ಅತ್ತೆಗೂ ಹಾಲು ಬಿಡಬಹುದಿತ್ತು, ಹಸುವಿನ ಹಾಲನ್ನೇ. ಹರಕೆಯ ವಿಷಯ ತಿಳಿದವರು ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ. ತಿಳಿದಿದ್ದ ನಾನಂತೂ ಇರಲಿಲ್ಲ. ಅಕ್ಕನ ಹೊದಿಕೆ ಸರಿಮಾಡಿ, ನಾಳೆಗೆ ಶೇಂಗಾ ನೆನೆಹಾಕಿ ಮಲಗಿದೆ.