ಮಾವನವರು ಕಿತ್ತ ಕರಕಿ

ಇಸವಿ ೧೯೯೮ ಇರಬೇಕು, ಡಿಸೆಂಬರ್ ತಿಂಗಳು. ನಾನು ಮದುವೆಯಾಗಿ ಕಲಬುರಗಿಗೆ ಬಂದು ನಾಲ್ಕು ವರ್ಷವಾಗಿತ್ತು. ಬ್ರಹ್ಮಪುರದಲ್ಲಿ ಒಂದು ಹಳೆಯ ಮನೆಯ ಮಾಳಿಗೆ ಮೇಲೆ ನಮ್ಮ ಬಾಡಿಗೆ ಸಂಸಾರ. ನಾನು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಆ ವರ್ಷ ಅತ್ತೆಯವರು ತೀರಿಕೊಂಡ ಮೇಲೆ ಮಾವನವರು ಕಮಲಾಪುರ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದರು. ಹೊಲವನ್ನು ಮೈದುನ ನೋಡಿಕೊಳ್ಳುತ್ತಿದ್ದ. ನಲವತ್ತು ವರ್ಷ ತೊಗರಿ, ಜೋಳ, ಕೆಂಪು ಬಾಳೆ ಬೆಳೆದ ಮನುಷ್ಯನಿಗೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಾಡಲು ಏನಿತ್ತು? ದಿನಕ್ಕೆ ನಾಲ್ಕು ಸಲ ಕೆಳಗಿನ ಮನೆಯ ತುಳಸಿಗೆ ನೀರು ಹಾಕುತ್ತಿದ್ದರು. ತುಳಸಿಗೆ ನೆಗಡಿಯಾಗುತ್ತದೆ ಎಂದು ಮನೆಯ ಒಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ನನ್ನ ಹತ್ತಿರ ದೂರು ಹೇಳಿದ್ದರು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಮೊದಲ ತುತ್ತಿನ ಚರಗ ಚೆಲ್ಲಿ, ಆಮೇಲೆ ಬದುವಿನ ಮೇಲೆ ಕುಳಿತು ಉಣ್ಣಬೇಕು. ನಾನು ನಸುಕಿನಲ್ಲೇ ಎದ್ದು ಹಸಿ ಕಾಳು ಸೊಪ್ಪು ಕೂಡಿಸಿದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಮಾಡಿದ್ದೆ. ನಮ್ಮವರಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲ. ನಾನೂ ಮಾವನವರೂ ಬಸ್‌ ನಿಲ್ದಾಣಕ್ಕೆ ಹೋದರೆ ಅಂದು ಬಸ್ಸಿನವರ ಮುಷ್ಕರ. ಕಮಲಾಪುರಕ್ಕೆ ಜೀಪು ಕೂಡ ಇರಲಿಲ್ಲ. ಮಾವನವರು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತಾಸು ಅಲ್ಲೇ ಕುಳಿತರು. ಚರಗ ಚೆಲ್ಲದೆ ನಾನು ಉಣ್ಣುವುದಿಲ್ಲ, ನೀನು ಬೇಕಾದರೆ ಉಣ್ಣು ಎಂದರು.

ಮನೆಗೆ ಮರಳಿದಾಗ ಕಾಕು ಕಟ್ಟೆಯ ಮೇಲೆ ಕುಳಿತಿದ್ದರು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವ, ಮಡಿ ಮೈಲಿಗೆ ಬಹಳ ಇದ್ದ ಹಿರಿಯ ಜೀವ. ಮಣ್ಣು ಎಲ್ಲಿದ್ದರೂ ಮಣ್ಣೇ, ಊರ ನಡುವೆ ಅಷ್ಟು ದೊಡ್ಡ ಗಾರ್ಡನ್ ಬಿದ್ದಿದೆಯಲ್ಲ, ಅಲ್ಲಿಗೇ ಹೋಗೋಣ ಎಂದು ಅವರೇ ಹೇಳಿದರು. ತಮ್ಮ ಮಡಿ ಅಡುಗೆಯ ಡಬ್ಬಿಯನ್ನೂ ತೆಗೆದುಕೊಂಡು ಹೊರಟೇಬಿಟ್ಟರು.

ನಿಜ ಹೇಳಬೇಕೆಂದರೆ ಆ ಗಾರ್ಡನ್ನಿನೊಳಗೆ ನಾನು ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ. ಯಾರೂ ಇಡುತ್ತಿರಲಿಲ್ಲ. ಮಾರ್ಕೆಟ್ಟಿಗೆ ಅಡ್ಡದಾರಿ ಎಂದು ಗಂಡಸರು ದಾಟಿ ಹೋಗುತ್ತಿದ್ದರು, ಅಷ್ಟೇ. ಒಳಗೆ ಜಾಲಿ ಬೆಳೆದಿತ್ತು, ಕಾರಂಜಿಯ ತೊಟ್ಟಿಯಲ್ಲಿ ಒಡೆದ ಬಾಟಲಿಗಳು ಬಿದ್ದಿದ್ದವು, ಆಡುಗಳು ಮೇಯುತ್ತಿದ್ದವು. ಅದನ್ನೆಲ್ಲ ಸವರಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂಬ ಸುದ್ದಿಯೂ ಇತ್ತು. ಮಾಡಲಿ ಬಿಡು ಎಂದೇ ಎಲ್ಲರೂ ಅನ್ನುತ್ತಿದ್ದರು, ನಾನೂ ಅಂದಿದ್ದೆ.

ಆದರೆ ಅಂದು ಗೇಟು ದಾಟಿದರೆ ಜಾತ್ರೆ! ಬಸ್ಸು ಸಿಗದ ಅರ್ಧ ಊರೇ ಬುಟ್ಟಿ ಹೊತ್ತು ಅಲ್ಲಿಗೆ ಬಂದಿತ್ತು. ಬೇವಿನ ಮರಗಳ ಕೆಳಗೆ ಜಮಖಾನೆ ಹಾಸಿಕೊಂಡು ಕುಳಿತಿದ್ದರು. ಒಂದು ಕಡೆ ಕನ್ನಡ, ಒಂದು ಕಡೆ ಉರ್ದು, ನಡುವೆ ನಮ್ಮ ಕಾಕುವಿನಂಥವರ ಮರಾಠಿ. ಭಜ್ಜಿ ಮಾತ್ರ ಎಲ್ಲ ಕಡೆಗೂ ಓಡಾಡುತ್ತಿತ್ತು. ಮಾವನವರು ಒಂದು ಮರದ ಬುಡದಲ್ಲಿ ಚರಗ ಚೆಲ್ಲಿ, ನಾಲ್ಕು ತುತ್ತು ಉಂಡು, ಸ್ವಲ್ಪ ತಿರುಗಾಡಿ ಬರುತ್ತೇನೆ ಎಂದು ಎದ್ದು ಹೋದರು. ಪಕ್ಕದ ಜಮಖಾನೆಯ ಮೇಲೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ, ನಾವು ದೊಡ್ಡ ಟೀಚರು ಎನ್ನುತ್ತಿದ್ದವರು, ಮನೆಮಂದಿಯ ಜೊತೆ ಕುಳಿತಿದ್ದರು. ನಾನು ಅವರ ಜೊತೆ ಹರಟೆಗೆ ಕುಳಿತೆ. ಮಾವನವರು ಹೋಗಿ ಒಂದೂವರೆ ತಾಸಾದದ್ದು ಗೊತ್ತೇ ಆಗಲಿಲ್ಲ.

ಯಾರೋ ಜೋರಾಗಿ ಕೂಗಾಡುವುದು ಕೇಳಿಸಿತು. ಎಲ್ಲರೂ ಎದ್ದು ಆ ಕಡೆ ಓಡಿದರು, ನಾನೂ ಓಡಿದೆ.

ಕಾರಂಜಿಯ ಆಚೆ ಸುತ್ತ ಇಟ್ಟಿಗೆ ನಿಲ್ಲಿಸಿದ, ಪಾತಿಯಂಥ ಒಂದು ಮಡಿ. ಒಳಗೆ ಮಣ್ಣು ಬೋಳು ಬೋಳು. ಬದಿಯಲ್ಲಿ ಬೇರು ಸಮೇತ ಕಿತ್ತ ಹುಲ್ಲಿನ ಗುಡ್ಡೆ. ನಮ್ಮ ಮಾವನವರು ಧೋತರ ಮೇಲೆ ಕಟ್ಟಿ, ಕೈಯಲ್ಲಿ ಕಳೆ ಕೀಳುವ ಕುರ್ಪಿ ಹಿಡಿದು, ಒಳ್ಳೆಯ ಕೆಲಸ ಮುಗಿಸಿದವರ ಹಾಗೆ ನಗುತ್ತಾ ನಿಂತಿದ್ದರು. ಅವರ ಎದುರು ಗಾರ್ಡನ್ನಿನ ಮಾಲಿ ಖಾಜಾಮಿಯಾ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

"ಪೂರಾ ಕರಕಿ ಹತ್ತಿತ್ತರಿ," ಅಂದರು ಮಾವನವರು. "ಒಂದ ಬೇರ ಬಿಡದಂಗ ತಗದೀನಿ."

ಗಣಪತಿಗೆ ಏರಿಸುವ ಗರಿಕೆಗೆ ನಮ್ಮ ಕಡೆ ಕರಕಿ ಎನ್ನುತ್ತಾರೆ. ಗಣಪತಿಗೆ ಎಷ್ಟು ಪ್ರೀತಿಯೋ ಒಕ್ಕಲಿಗನಿಗೆ ಅಷ್ಟೇ ಶತ್ರು. ಹೊಲದಲ್ಲಿ ಅದು ಕಂಡರೆ ಮಾವನವರು ಉಣ್ಣುವುದು ಬಿಟ್ಟು ಕೀಳುತ್ತಿದ್ದರು. ಹುಲ್ಲನ್ನು ಯಾರಾದರೂ ಬೇಕೆಂದೇ ಹಚ್ಚಿ ಬೆಳೆಸುತ್ತಾರೆ ಎಂಬುದು ಅವರ ಕನಸಿನಲ್ಲಿಯೂ ಇರಲಿಲ್ಲ. ಕೆಲಸ ಮಾಡಲು ಕೈ ತುರಿಸುತ್ತಿದ್ದವರಿಗೆ ಮಡಿಯ ಪಕ್ಕದಲ್ಲೇ ಕುರ್ಪಿಯೂ ಸಿಕ್ಕಿತ್ತು.

ಖಾಜಾಮಿಯಾನ ಸಿಟ್ಟು ಅಳುವಿಗೆ ತಿರುಗಿತು. "ಬೀಸ್ ದಿನದ ಮೆಹನತ್ ರೀ ಇದು," ಎಂದ. ಇಪ್ಪತ್ತು ದಿನ ಕಷ್ಟಪಟ್ಟು ಕೋಟೆಯ ಕಂದಕದ ಅಂಚಿನಿಂದ ಒಂದೊಂದೇ ಬೇರು ಅಗೆದು ತಂದು ಹಚ್ಚಿದ್ದನಂತೆ. ನಳ ಇಲ್ಲ, ಕೊಡದಲ್ಲಿ ನೀರು ಹೊತ್ತು ಹಾಕಿದ್ದನಂತೆ. ಬರುವ ವಾರ ಪಾಲಿಕೆಯ ಸಾಹೇಬರು ನೋಡಲು ಬರುವವರಿದ್ದರು. "ಈ ಒಂದ್ ಮಡಿ ಹಸರ ಕಂಡ್ರ ಗಾರ್ಡನ್ ಉಳೀತದ, ನಳ ಕೊಡ್ತೀನಿ ಅಂದಾರ. ಇಲ್ಲಾಂದ್ರ ಇಲ್ಲಿ ಗಾಡಿ ನಿಂದ್ರಸ್ತಾರ, ನನ್ನ ಮನಿಗಿ ಕಳಸ್ತಾರ." ಆಮೇಲೆ ಗುಂಪಿನ ಕಡೆ ತಿರುಗಿ ಕೇಳಿದ: "ಈ ಮುದುಕ ಯಾರ ಮನಿಯಾವ? ಯಾರ ಕರಕೊಂಡ್ ಬಂದಾರ?"

ನಾನು ಸುಮ್ಮನೆ ನಿಂತೆ.

ಎಷ್ಟು ಹೊತ್ತು? ಅರ್ಧ ನಿಮಿಷ ಇದ್ದೀತು. ಪಕ್ಕದಲ್ಲಿ ದೊಡ್ಡ ಟೀಚರು ನಿಂತಿದ್ದರು. ಮಾವನವರ ಮುಖದ ನಗು ಹೋಗಿತ್ತು. ಅವರು ಗುಂಪಿನಲ್ಲಿ ನನ್ನನ್ನು ಹುಡುಕುತ್ತಿದ್ದರು. ನಾನು ಸೆರಗು ಸರಿಮಾಡಿಕೊಳ್ಳುವವಳ ಹಾಗೆ ತಲೆ ತಗ್ಗಿಸಿದೆ.

"ನಮ್ಮನಿಯವ್ರರಿ," ಎಂಬ ದನಿ ಬಂತು. ಕಾಕು! ಗುಂಪನ್ನು ಸರಿಸಿಕೊಂಡು ಹೋಗಿ ಮಾವನವರ ಪಕ್ಕ ನಿಂತರು. "ನಮ್ಮ ಮಾಳಿಗಿ ಮ್ಯಾಲ ಇರ್ತಾರ. ತಿಳೀದ ಮಾಡ್ಯಾರ. ಈಗೇನ್ ಮಾಡಬೇಕು ಅದನ್ನ ಹೇಳಪಾ." ಅವರು ಹೇಳಿದ ಮೇಲೆ ನಾನೂ ಹೋಗಿ ನಿಂತೆ. ಯಾರೋ ದಾರಿ ಮಾಡಿಕೊಟ್ಟ ಮೇಲೆ ನಡೆದ ಹಾಗೆ.

ಮಾವನವರು ತಲೆಯ ರುಮಾಲು ತೆಗೆದು ಖಾಜಾಮಿಯಾನಿಗೆ ಕೈ ಮುಗಿದರು. ತಪ್ಪಾಯಿತು ಎಂದರು. ಆಮೇಲೆ ಗುಡ್ಡೆಯಿಂದ ಒಂದು ಬೇರು ಎತ್ತಿ ಬಿಸಿಲಿಗೆ ಹಿಡಿದು ನೋಡಿದರು.

"ಹೆದರಬ್ಯಾಡ ತಮ್ಮಾ. ಇದು ಸಾಯೂದಲ್ಲ. ನಲ್ವತ್ತು ವರ್ಷ ಇದನ್ನ ಸಾಯಸಾಕ ಹೋಗಿ ನಾನೇ ಸೋತೀನಿ."

ಯಾರೋ ಕಿಸಕ್ಕೆಂದು ನಕ್ಕರು. ಖಾಜಾಮಿಯಾ ನಗಲಿಲ್ಲ, ಆದರೆ ಕುರ್ಪಿ ಎತ್ತಿಕೊಂಡ. ಮಾವನವರು ಗುಡ್ಡೆಗೆ ಒದ್ದೆ ಗೋಣಿಚೀಲ ಮುಚ್ಚಿಸಿದರು. ಮಣ್ಣು ಸಡಿಲ ಮಾಡಿ, ಬಿತ್ತುವ ಸಾಲಿನ ಹಾಗೆ ಗೇಣಿಗೊಂದು ಗೆರೆ ಎಳೆದರು. ಆಮೇಲೆ ನಡೆದದ್ದನ್ನು ನೋಡಿದವರೇ ಹೇಳಬೇಕು. ಉಂಡು ಕುಳಿತಿದ್ದ ಜನ ಒಬ್ಬೊಬ್ಬರಾಗಿ ಬಂದರು. ಹೆಂಗಸರು ಕುಕ್ಕರುಗಾಲಿನಲ್ಲಿ ಕುಳಿತು ಬೇರು ಬಿಡಿಸಿ ಕೊಟ್ಟರು. ಬುರ್ಖಾದ ಒಬ್ಬ ಅಜ್ಜಿ ಸಾಲು ಸೊಟ್ಟಗಾದರೆ ನಮ್ಮನ್ನೆಲ್ಲ ಬಯ್ಯುತ್ತಿದ್ದಳು. ಗಾರ್ಡನ್ನಿನ ಪಕ್ಕದ ಕೆರೆಯ ಕಡೆಯಿಂದ ಗಂಡಸರು ಸಾಲು ನಿಂತು ಊಟದ ಪಾತ್ರೆಗಳಲ್ಲೇ ನೀರು ದಾಟಿಸಿದರು. ನಮ್ಮ ದೊಡ್ಡ ಟೀಚರು ಚಪ್ಪಲಿ ಬಿಟ್ಟು ಮಡಿಯೊಳಗೆ ಇಳಿದರು. ನಾನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅವರೇ! ಕಾಕುವಿನ ಮಡಿ ಸೀರೆಗೆ ಕೆಸರು ಮೆತ್ತಿತ್ತು. ಮನೆಗೆ ಹೋಗಿ ಹೇಗೂ ಸ್ನಾನ ಮಾಡಬೇಕು, ಇರಲಿ ಎಂದು ಯಾರದೋ ಬುಟ್ಟಿಯ ಭಜ್ಜಿಯನ್ನೂ ಕೈಯಲ್ಲೇ ಹಾಕಿಸಿಕೊಂಡು ತಿಂದರು. ಹೊತ್ತು ಇಳಿಯುವಾಗ ಮಡಿ ತುಂಬಿತ್ತು.

ಮರುದಿನದಿಂದ ಮಾವನವರು ಚಹಾ ಕುಡಿದವರೇ ಗಾರ್ಡನ್ನಿಗೆ ನಡೆಯುತ್ತಿದ್ದರು. ಅವರೂ ಖಾಜಾಮಿಯಾನೂ ಕೂಡಿ ನೀರು ಹೊತ್ತರು. ಸಾಹೇಬರು ಬಂದ ದಿನ ಹುಲ್ಲು ಇನ್ನೂ ಪೂರ್ತಿ ಹಸಿರಾಗಿರಲಿಲ್ಲ, ನಡುವೆ ಹಳದಿ ಇತ್ತು. ಆದರೆ ಸಾಹೇಬರು ಬಗ್ಗಿ ಒಂದು ಕುಡಿ ಹಿಡಿದು ಜಗ್ಗಿದಾಗ ಅದು ಬರಲಿಲ್ಲವಂತೆ. ಬೇರು ಹಿಡಿದಿದೆ, ಗಾರ್ಡನ್ ಇರಲಿ ಎಂದರಂತೆ. ಖಾಜಾಮಿಯಾ ನಮ್ಮ ಮಾಳಿಗೆ ಹತ್ತಿ ಬಂದು ಇದನ್ನು ಹೇಳಿ, ಕೆಳಗೆ ಇಳಿಯುವಾಗ ಕಾಕುವಿಗೂ ಹೇಳಿ ಹೋದ.

ಬೇಸಿಗೆಗೆ ನಳ ಬಂತು. ಮೂರು ನಾಲ್ಕು ವರ್ಷಗಳಲ್ಲಿ ಜಾಲಿ ಹೋಯಿತು, ಕಾರಂಜಿ ಚಿಮ್ಮಿತು. ಸಂಜೆ ಬೆಂಚು ಸಿಗದಷ್ಟು ಜನ. ಗಾಡಿ ನಿಲ್ಲಿಸುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ತಾವೇ ಹಚ್ಚಿದ ಹುಲ್ಲನ್ನು ತೆಗೆಯಲು ಯಾರು ಬಿಡುತ್ತಾರೆ? ಬಿಸಿಲು, ಧೂಳು ಎಂದು ಬಯ್ಯುತ್ತಿದ್ದ ಊರನ್ನು ನಾನು ನನ್ನ ಊರು ಎಂದು ಪ್ರೀತಿಸಲು ಕಲಿತದ್ದು ಆ ಮಡಿಯ ಅಂಚಿನಲ್ಲಿ.

ಆದರೆ ಆ ಅರ್ಧ ನಿಮಿಷ ನನ್ನನ್ನು ಬಿಡಲಿಲ್ಲ. ಮಾವನವರು ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಅವರು ಗಮನಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದು ಹಿಂದೆ ಹೋಗಿತ್ತು.

೨೦೦೩ರಲ್ಲಿ ಒಂದು ದಿನ ಶಾಲೆಯ ಮಕ್ಕಳನ್ನು ಸಾಲಾಗಿ ಆ ಗಾರ್ಡನ್ನಿಗೆ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಸೇರಿದ್ದ ಕಾವಲುಗಾರನೊಬ್ಬ ಮಾವನವರನ್ನು ತಡೆದು ನಿಲ್ಲಿಸಿದ್ದ. ಹುಲ್ಲಿನೊಳಗೆ ಇಳಿಯಬೇಡಿ ಎಂದು ಗದರುತ್ತಿದ್ದ. ಯಾರು ನೀವು, ಯಾರ ಮನೆಯವರು ಎಂದು ಕೇಳಿದ. ನಾನು ಮಕ್ಕಳನ್ನು ಅಲ್ಲೇ ಬಿಟ್ಟು ಓಡಿದೆ.

"ನಮ್ಮ ಮಾವಾರರಿ," ಎಂದೆ. ಇಡೀ ಗಾರ್ಡನ್ನಿಗೆ ಕೇಳಿಸಿರಬೇಕು. "ಈ ಹುಲ್ಲು ಹಚ್ಚಿದವ್ರು ಅವ್ರೇ."

ಕಾವಲುಗಾರ ಪಕ್ಕಕ್ಕೆ ಸರಿದ. ಮಾವನವರು ಮಡಿಯೊಳಗೆ ಇಳಿದು, ನನ್ನ ಕಡೆ ತಿರುಗಿ ನಕ್ಕರು.

"ಇವತ್ತ ಲಗೂನ ಹೇಳಿದಿ ಯವ್ವಾ," ಎಂದರು.

ಇವತ್ತು ಬೇಗ ಹೇಳಿದೆ ಎಂದರೆ ಅಂದು ತಡವಾಗಿತ್ತು ಎಂದೇ. ಐದು ವರ್ಷ ಅವರಿಗೆ ಎಲ್ಲ ಗೊತ್ತಿತ್ತು. ಅಷ್ಟು ವರ್ಷವೂ ನಾನು ಬಡಿಸಿದ್ದನ್ನು ಚೆನ್ನಾಗಿದೆ ಎಂದು ಉಂಡಿದ್ದರು. ಮಕ್ಕಳ ಎದುರಿಗೇ ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಈಗ ಯಾರಾದರೂ ನಮ್ಮವರು ಹೌದೋ ಅಲ್ಲವೋ ಎಂದು ಕೇಳಿದರೆ, ಅಕ್ಕಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನಾನು ನೋಡುವುದಿಲ್ಲ.